ಜಡಿಗೇನಹಳ್ಳಿಯಲ್ಲಿ ಓದಿದ ಕಾಗದ

ಬೆಳಿಗ್ಗೆ ಏಳು ಗಂಟೆಗೆ ದೊಡ್ಡಬಳ್ಳಾಪುರದ ಬಸ್ ನಿಲ್ದಾಣಕ್ಕೆ ಬಂದೆ. ಕೈಚೀಲದಲ್ಲಿ ಎರಡು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಬಾಟಲಿ ನೀರು. ಹೊಸಕೋಟೆ ಕಡೆ ಹೋಗಿ ಸಂಜೆಗೆ ಬರುತ್ತೇನೆ ಎಂದು ಮಗನಿಗೆ ಹೇಳಿದ್ದೆ. "ಅಲ್ಲಿ ಯಾರವ್ರೆ ನಿಂಗೆ?" ಎಂದ. "ಅವ್ರೆ" ಎಂದೆ. ಅವನು ಮಗ್ಗ ಶುರು ಮಾಡಿದ. ಆ ಸದ್ದಿನಲ್ಲಿ ಮುಂದಿನ ಮಾತು ಯಾರಿಗೂ ಕೇಳುವುದಿಲ್ಲ. ಒಳ್ಳೆಯದೇ ಆಯಿತು.

ನಾನು ಹೊರಟಿದ್ದು ಜಡಿಗೇನಹಳ್ಳಿಗೆ, ಖಾದರನನ್ನು ನೋಡಲು. ನಮ್ಮ ಬೀದಿಯ ಹನ್ನೆರಡು ಮನೆಯ ಮಗ್ಗಗಳಿಗೂ ಹಾಸು ಕಟ್ಟುತ್ತಿದ್ದವನು ಅವನು. ಹಾಸು ಎಂದರೆ ಸೀರೆಯ ಉದ್ದದ ನೂಲು. ಅದು ಮುಗಿಯುತ್ತಾ ಬಂದಾಗ ಹೊಸ ನೂಲಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಸೇರಿಸಬೇಕು. ಅಮಾವಾಸ್ಯೆಯ ದಿನ ನಾವು ನೇಯ್ಗೆಯವರು ಮಗ್ಗ ಮುಟ್ಟುವುದಿಲ್ಲ, ಶೆಡ್ಡಿನೊಳಗೆ ಕಾಲಿಡುವುದಿಲ್ಲ. ಖಾದರ ಸಾಬರವನು, ಅವನಿಗೆ ಆ ಕಟ್ಟುಪಾಡಿಲ್ಲ. ಮಗ್ಗ ನಿಂತ ಆ ದಿನವೇ ಬಂದು ಒಬ್ಬನೇ ಕೂತು ಕಟ್ಟಿ ಹೋಗುತ್ತಿದ್ದ. ಇಪ್ಪತ್ತು ವರ್ಷ ಹೀಗೇ ನಡೆದಿತ್ತು.

ಆ ವರ್ಷ ಊರೂರಲ್ಲೂ ಹಿಂದೂ, ಸಾಬರು ಎಂಬ ಮಾತು ಜಾಸ್ತಿಯಾಗಿತ್ತು. ಅಂಥದರಲ್ಲಿ ಒಂದು ಅಮಾವಾಸ್ಯೆಯ ಮರುದಿನ ನಂಜುಂಡಪ್ಪನ ಶೆಡ್ಡಿನಲ್ಲಿ ಹಾಸು ತುಂಡು ತುಂಡಾಗಿ ಬಿದ್ದಿತ್ತು. ನಂಜುಂಡಪ್ಪ ನಮ್ಮ ಬೀದಿಗೆ ಹಿರಿಯ. ಹಿಂದಿನ ವಾರವಷ್ಟೇ ಅವನಿಗೂ ಖಾದರನಿಗೂ ಮಾತಿಗೆ ಮಾತು ಬೆಳೆದಿತ್ತು. ಶೆಡ್ಡಿಗೆ ಹೋಗಿದ್ದವನು ಖಾದರನೊಬ್ಬನೇ. ಪೊಲೀಸರನ್ನು ಕರೆದರೆ ಊರು ಹೊತ್ತಿಕೊಳ್ಳುತ್ತದೆ, ಬೀದಿಯ ಒಗ್ಗಟ್ಟು ಮುಖ್ಯ, ನಾವೇ ತೀರ್ಮಾನ ಮಾಡೋಣ ಎಂದರು. ನಮ್ಮ ಬೀದಿಯಲ್ಲಿ ದೇವಾಂಗದವರು, ಪದ್ಮಸಾಲಿಯವರು, ತಿಗಳರು, ಆಂಧ್ರದಿಂದ ಬಂದವರು ಎಲ್ಲ ಇದ್ದೇವೆ. ನಲ್ಲಿ ಎಲ್ಲಿ ಹಾಕಿಸಬೇಕು ಎಂಬುದಕ್ಕೇ ಮೂರು ವರ್ಷ ಕಿತ್ತಾಡಿದವರು ಅವತ್ತು ಒಂದೇ ಮಾತಿಗೆ ಬಂದರು.

ನಂಜುಂಡಪ್ಪ ಕಾಗದ ಹಿಡಿದು ಮನೆ ಮನೆಗೂ ಬಂದ. ನಾನು ಸಾಕ್ಷರತೆಯ ಸಂಜೆ ತರಗತಿಗೆ ಹೋಗಿ ಆಗತಾನೇ ಹೆಸರು ಬರೆಯಲು ಕಲಿತಿದ್ದೆ. ಹೆಬ್ಬೆಟ್ಟು ಬೇಡ, ಸಹಿಯೇ ಹಾಕುತ್ತೇನೆ ಎಂದು ಜಂಬದಿಂದ ಹಾಕಿದೆ. ಕಾಗದದಲ್ಲಿ ಏನಿದೆ ಎಂದು ಕೇಳಲಿಲ್ಲ. ಖಾದರನಿಗೆ ಕೆಲಸ ನಿಂತಿತು. ಹೆಂಡತಿಯನ್ನು ಕರೆದುಕೊಂಡು ಅವಳ ತವರಾದ ಜಡಿಗೇನಹಳ್ಳಿಗೆ ಹೊರಟುಹೋದ.

ಎರಡು ತಿಂಗಳಾದ ಮೇಲೆ, ಅಮಾವಾಸ್ಯೆ ಕಳೆದ ಬೆಳಿಗ್ಗೆ, ನಮ್ಮ ಶೆಡ್ಡಿನಲ್ಲೂ ಹಾಸು ಹಾಗೇ ಬಿದ್ದಿತ್ತು. ಅವತ್ತು ಖಾದರನೂ ಇರಲಿಲ್ಲ, ಯಾರೂ ಇರಲಿಲ್ಲ. ಹುಡುಕಿದೆ. ಗೋಡೆಯ ಮೂಲೆಯ ಬಿಲದ ಬಾಯಲ್ಲಿ ಕೆಂಪು ನೂಲು ತುರುಕಿಕೊಂಡಿತ್ತು. ಎಳೆದರೆ ಮೊಳದುದ್ದ ಬಂತು, ಅದರ ಜೊತೆ ಇಲಿಯ ಹಿಕ್ಕೆ. ದಿನಾ ಹಗಲೂ ರಾತ್ರಿ ಮಗ್ಗದ ಸದ್ದಿಗೆ ಇಲಿ ಹತ್ತಿರ ಸುಳಿಯುವುದಿಲ್ಲ. ಅಮಾವಾಸ್ಯೆಯ ದಿನ ಸದ್ದೂ ಇಲ್ಲ, ಜನರೂ ಇಲ್ಲ, ನೂಲಿಗೆ ಹಚ್ಚಿದ ಗಂಜಿಯ ವಾಸನೆ ಮಾತ್ರ ಇರುತ್ತದೆ.

ನಂಜುಂಡಪ್ಪನನ್ನು ಕರೆದು ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿದ.

"ಇದು ನಿಮ್ಮನೆ ಇಲಿ ಕಣಕ್ಕ" ಎಂದ.

"ನಿಮ್ಮನೇಲಿ ಇಲಿ ಇಲ್ವೇನೋ?"

"ಈಗ ಬಾಯಿ ಬಿಟ್ರೆ ಬೀದಿ ಒಡೆದೋಗ್ತದೆ ಗಂಗಕ್ಕ. ಎಲ್ಲ ಒಂದಾಗವ್ರೆ. ಬಿಟ್ಬಿಡು."

ಒಂದಾಗಿದ್ದು ಒಳ್ಳೆಯದೇ ಎಂದು ನನಗೂ ಅನಿಸಿತ್ತು. ಖಾದರ ಏನೂ ಮಾಡಿಲ್ಲ ಎಂಬುದೂ ಕಣ್ಣೆದುರಿಗಿತ್ತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆ ಎಂದು ತಿಳಿಯದೆ ಹತ್ತು ದಿನ ತಳ್ಳಿದೆ. ಹನ್ನೊಂದನೆಯ ದಿನ ಬಸ್ಸಿಗೆ ಬಂದೆ.

ದೇವನಹಳ್ಳಿಗೆ ನಾಲ್ಕು ರೂಪಾಯಿ. ಅಲ್ಲಿ ಇಳಿದು ಬಸ್ಸು ಬದಲಾಯಿಸಬೇಕು. ನಿಲ್ದಾಣದ ತುಂಬ ಚಕ್ಕೋತದ ಹಣ್ಣು ರಾಶಿ ಹಾಕಿಕೊಂಡಿದ್ದರು. ಖಾದರನಿಗೆ ಒಂದು ಕೊಳ್ಳೋಣ ಎಂದುಕೊಂಡೆ, ಹಣ್ಣು ಹಿಡಿದು ಹೋದರೆ ನೆಂಟರ ಹಾಗೆ ಕಾಣುತ್ತದೆ ಎಂದು ಬಿಟ್ಟೆ. ಹೊಸಕೋಟೆಯ ಬಸ್ಸಿನಲ್ಲಿ ಪಕ್ಕಕ್ಕೆ ಸೂಲಿಬೆಲೆಯ ಹೆಂಗಸೊಬ್ಬಳು ಕೂತಳು.

"ಯಾರ ಮನೆಗಜ್ಜಿ?"

"ಸಾಬರ ಮನೆಗೆ. ತಪ್ಪಾಯ್ತು ಅಂತ ಹೇಳೋಕೆ."

"ತಪ್ಪು ಅವರದಾ, ನಿಮ್ದಾ?"

"ಮಾಡಿದ್ದು ಇಲಿ."

ಅವಳು ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು ಸೂಲಿಬೆಲೆ ಬರುವ ತನಕ ಕಿಟಕಿಯ ಆಚೆ ನೋಡುತ್ತಿದ್ದಳು. ಬಿಸಿಲು ಏರಿತ್ತು. ನನಗೂ ನನ್ನ ಮಾತು ಸರಿ ಎನಿಸಲಿಲ್ಲ. ಇಲಿ ಕಡಿದದ್ದು ನೂಲನ್ನು. ಖಾದರನನ್ನು ಓಡಿಸಿದ್ದು ಇಲಿಯಲ್ಲವಲ್ಲ.

ಹೊಸಕೋಟೆಯಲ್ಲಿ ಒಂದು ಗಂಟೆ ಕಾದೆ. ರೊಟ್ಟಿ ತಿಂದೆ. ಯಾರನ್ನೂ ಕೇಳಬಾರದು, ಓದಿಯೇ ಹತ್ತಬೇಕು ಎಂದು ಹಟವಿತ್ತು. ಒಂದು ಬಸ್ಸಿನ ಮುಂದೆ ನಿಂತು ಜ, ಡಿ, ಗೇ ಎನ್ನುತ್ತಿದ್ದೆ.

"ಅಜ್ಜಿ, ನೀನು ಓದಿ ಮುಗಿಸೋದ್ರೊಳಗೆ ನಾನು ಹೋಗ್ಬಿಟ್ಟು ವಾಪಸ್ ಬಂದಿರ್ತೀನಿ" ಎಂದ ಕಂಡಕ್ಟರ್.

"ತಡಿಯಪ್ಪ, ಇನ್ನು ಮೂರೇ ಅಕ್ಷರ."

ಜಡಿಗೇನಹಳ್ಳಿಯಲ್ಲಿ ಇಳಿದಾಗ ಮಧ್ಯಾಹ್ನ ಒಂದು ಗಂಟೆ. ರಸ್ತೆಯ ಎರಡೂ ಕಡೆ ಹೊಲ. ಖಾದರನ ಬಾವಮೈದನ ಮನೆ ಯಾವುದೆಂದು ಅಂಗಡಿಯವನು ತೋರಿಸಿದ. ಖಾದರ ಜಗುಲಿಯ ಮೇಲೆ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದ. ಎಳೆ ಹಿಡಿಯುತ್ತಿದ್ದ ಬೆರಳುಗಳು ಸೊಪ್ಪಿನ ರಸಕ್ಕೆ ಕಪ್ಪಾಗಿ ಬಿರುಕು ಬಿಟ್ಟಿದ್ದವು. ಮೊದಲು ಮಾತಾಡಿದವಳು ಅವನ ಹೆಂಡತಿ ಫಾತಿಮಾ.

"ಬಂದ್ರಾ? ಇಷ್ಟು ದಿನ ಬಸ್ ಇರ್ಲಿಲ್ವಾ?"

ನಾನು ಇಲಿಯ ವಿಷಯವನ್ನೆಲ್ಲ ಹೇಳಿದೆ. ಖಾದರ ಕತ್ತಿ ಕೆಳಗಿಟ್ಟ.

"ಇಲಿ ಅಂತ ಅವತ್ತೇ ನಾನು ಬಡ್ಕೊಂಡೆ ಗಂಗಮ್ಮನೋರೆ. ನಿಮ್ಮನ್ನ ಬೀದಿಯೋರು ಕಳಿಸಿದ್ರಾ, ನೀವೇ ಬಂದ್ರಾ?"

"ನಾನೇ ಬಂದೆ. ನಡಿ, ಬಂದು ಕೆಲಸ ಹಿಡ್ಕೊ."

"ನೀವೇ ಬಂದಿದ್ರೆ ಟೀ ಕುಡಿದು ಹೋಗಿ" ಎಂದು ನಕ್ಕ. ಕೋಪವಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ದೇವನಹಳ್ಳಿ ಕಡೆ ಮಗ್ಗದೋರನ್ನ ಕೇಳ್ದೆ, ವಿಜಯಪುರದಾಗೆ ಕೇಳ್ದೆ. ನನಗಿಂತ ಮುಂಚೆ ಆ ಕಾಗದದ ಸುದ್ದಿ ಹೋಗಿತ್ತು. ಯಾರೂ ಮಗ್ಗ ಮುಟ್ಟೋಕೆ ಬಿಡ್ತಿಲ್ಲ."

ಒಳಗೆ ಹೋಗಿ ಒಂದು ಕಾಗದ ತಂದ. ಬೀದಿಯವರು ಅವನಿಗೂ ಒಂದು ಪ್ರತಿ ಕೊಟ್ಟಿದ್ದರಂತೆ. ಅದರ ಮೇಲೂ ಎಲ್ಲರ ಸಹಿ ಇತ್ತು. "ಈಗ ಓದೋಕೆ ಬರುತ್ತಂತಲ್ಲ, ಓದಿ" ಎಂದ.

ಬೆರಳಿಟ್ಟು ಓದಿದೆ. ಒಗ್ಗಟ್ಟಿನಿಂದ ಎಂಬುದು ಎರಡು ಕಡೆ ಇತ್ತು. ಅದರ ಕೆಳಗೆ, ಖಾದರನು ಹಾಸು ಕತ್ತರಿಸುವುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ ಎಂದಿತ್ತು. ಕಣ್ಣಾರೆ ಎಂಬಲ್ಲಿ ನಿಂತೆ. ಮತ್ತೆ ಮೊದಲಿಂದ ಓದಿದೆ. ಅವತ್ತು ಅಮಾವಾಸ್ಯೆ. ಹನ್ನೆರಡು ಮನೆಯಲ್ಲಿ ಒಬ್ಬರೂ ಶೆಡ್ಡಿಗೆ ಹೋಗಿರಲಿಲ್ಲ, ಹೋಗುವ ಹಾಗೇ ಇಲ್ಲ. ಯಾರೂ ನೋಡಿರಲಾರದ್ದನ್ನು ಎಲ್ಲರೂ ನೋಡಿದ್ದೇವೆ ಎಂದು ಬರೆದುಕೊಟ್ಟಿದ್ದೆವು. ಕೊನೆಯಲ್ಲಿ ಸೊಟ್ಟಗೆ ಗಂಗಮ್ಮ ಎಂದಿತ್ತು.

"ಪೆನ್ನು ಕೊಡು. ಹೆಸರು ಹೊಡೆದಾಕ್ತೀನಿ."

"ಹೊಡೆದಾಕಿದ್ರೆ ಹನ್ನೊಂದು ಉಳೀತಾವೆ. ಕಾಗದಕ್ಕೇನೂ ಆಗಲ್ಲ. ಬರೀರಿ."

"ನೀನೇ ಬರಿ, ನಾನು ಸಹಿ ಹಾಕ್ತೀನಿ."

"ಹಂಗೆ ತಾನೆ ಅವತ್ತೂ ಹಾಕಿದ್ದು" ಎಂದಳು ಫಾತಿಮಾ.

ನಾನು ನೋಡಿಲ್ಲ. ನನ್ನ ಹೆಸರಿನ ಕೆಳಗೆ ಇಷ್ಟು ಬರೆಯುವಷ್ಟರಲ್ಲಿ ಟೀ ಆರಿಹೋಯಿತು. ಒತ್ತಕ್ಷರ ಎರಡು ಸಲ ಕೆಟ್ಟಿತು, ಮೂರನೆಯ ಸಲ ಕೂತಿತು. ಬೀದಿಗೆ ತೋರಿಸುತ್ತೇನೆ, ಕಾಗದ ಕೊಡು ಎಂದೆ. ಖಾದರ ಕೊಡಲು ಕೈ ಚಾಚಿದ. ಫಾತಿಮಾ ನಡುವೆಯೇ ತೆಗೆದುಕೊಂಡಳು.

"ಅಲ್ಲಿಗೆ ಹೋದ್ರೆ ಹರಿದಾಕ್ತಾರೆ. ಓದ್ಬೇಕು ಅನ್ನೋರು ಇಲ್ಲಿಗೆ ಬರ್ಲಿ, ನಿಮ್ಮ ಹಂಗೆ. ಕೆಳಗೆ ಜಾಗ ಇದೆ."

"ಎಲ್ಲಾರೂ ಬರೆದ್ರೆ ಬರ್ತೀಯಾ?" ಎಂದು ಖಾದರನನ್ನು ಕೇಳಿದೆ.

"ಎಲ್ಲಾರೂ ಸೇರಿ ಕಳಿಸಿದ್ದಲ್ವಾ ಅಮ್ಮ. ಒಬ್ಬರು ಕರೆದ್ರೆ ಹೆಂಗೆ ಬರ್ಲಿ?"

ವಾಪಸು ಬರುವಾಗ ಬಸ್ಸುಗಳು ಬೇಗ ಬೇಗ ಸಿಕ್ಕವು. ಸಿಗದಿದ್ದರೇ ಚೆನ್ನಾಗಿತ್ತು, ಯೋಚಿಸಲು ಹೊತ್ತಿರುತ್ತಿತ್ತು. ಒಗ್ಗಟ್ಟು ಬೇಡ ಎಂದು ಹೇಳಲು ನನಗೆ ಬಾಯಿಲ್ಲ. ನನ್ನ ಗಂಡ ಸತ್ತಾಗ ಆ ಹನ್ನೊಂದು ಮನೆಯವರೇ ಬಂದು ನಿಂತಿದ್ದರು. ಖಾದರನೂ ಬಂದಿದ್ದ. ಅವನನ್ನು ಲೆಕ್ಕದಿಂದ ಯಾವತ್ತು ಬಿಟ್ಟೆವು ಎಂದು ನೆನಪು ಮಾಡಿಕೊಂಡೆ. ಆ ದಿನ ಸಿಗಲಿಲ್ಲ.

ಬೀದಿಗೆ ಬಂದಾಗ ಇನ್ನೂ ಬೆಳಕಿತ್ತು. ನಂಜುಂಡಪ್ಪ ಹೆಂಡತಿ ಲಕ್ಷ್ಮಮ್ಮನ ಜೊತೆ ಬಾಗಿಲಲ್ಲೇ ಕೂತಿದ್ದ. ಎಲ್ಲಿಗೆ ಹೋಗಿದ್ದೆ ಎಂದ. ಹೇಳಿದೆ, ಬರೆದದ್ದನ್ನೂ ಹೇಳಿದೆ.

"ಬೀದಿ ವಿಷಯ ಬೀದಿಯೋರೆಲ್ಲ ಕೂತು ಮಾತಾಡ್ಬೇಕು ಗಂಗಕ್ಕ. ನೀನೊಬ್ಬಳೇ ಹೋಗೋದಾ?"

"ಸಹಿ ಹಾಕಿಸ್ಕೊಳ್ಳೋವಾಗ ಎಲ್ಲಾರನ್ನೂ ಕೂರಿಸಿದ್ಯಾ? ಒಬ್ಬೊಬ್ಬರ ಮನೆಗೇ ಬಂದ್ಯಲ್ಲ."

ಅವನು ಎದ್ದು ಶೆಡ್ಡಿಗೆ ಹೋದ. ಲಕ್ಷ್ಮಮ್ಮ ಅಲ್ಲೇ ಇದ್ದಳು. ಅವಳೂ ನನ್ನ ಜೊತೆಯೇ ಸಂಜೆ ತರಗತಿಗೆ ಬಂದವಳು, ಆ ಮನೆಯ ಸಹಿ ಅವಳದೇ. ಶೆಡ್ಡಿನಲ್ಲಿ ಮಗ್ಗ ಶುರುವಾಗುವ ತನಕ ಕಾದು, ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಜಡಿಗೇನಳ್ಳಿ ಬಸ್ಸು ಎಲ್ಲಿ ಹತ್ಬೇಕಕ್ಕ?"

"ಹೊಸಕೋಟೇಲಿ."

ಮತ್ತೇನೂ ಕೇಳದೆ ಒಳಗೆ ಹೋದಳು. ಹೋಗುವುದಕ್ಕೆ ಕೇಳಿದಳೋ, ಗಂಡನಿಗೆ ಹೇಳುವುದಕ್ಕೆ ಕೇಳಿದಳೋ, ನನಗೆ ತಿಳಿಯಲಿಲ್ಲ.