ಕರಿಹಲಗೆಯ ಬಾಗಿಲು

ಬಡಗಿಗೆ ಮೂಗಿನ ತುದಿಯಲ್ಲೇ ಕೋಪ. ಯುದ್ಧಕ್ಕೆ ಮುಂಚೆ ಊರವರು ಅದನ್ನು ಆಡಿಕೊಂಡು ನಗುತ್ತಿದ್ದರು. ಕೆಲಸ ಮಾತ್ರ ಅವನಿಗೇ ಕೊಡುತ್ತಿದ್ದರು, ಯಾಕೆಂದರೆ ಅವನು ಕೂರಿಸಿದ ಬಾಗಿಲು ಎಂಥ ಮಳೆಯಲ್ಲೂ ಉಬ್ಬಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಈಗ ಆ ಬಾಗಿಲುಗಳೂ ಇಲ್ಲ, ಗೋಡೆಗಳೂ ಇಲ್ಲ. ಮಗನನ್ನು ಸೈನ್ಯ ಎಳೆದುಕೊಂಡು ಹೋಯಿತು, ಮನೆಯನ್ನು ಬೆಂಕಿ ತಿಂದಿತು. ಬಸುರಿ ಸೊಸೆಯ ಕೈಹಿಡಿದು ಬಡಗಿ ನಿರಾಶ್ರಿತರ ಶಿಬಿರವಾಗಿದ್ದ ಪರವೂರಿನ ಶಾಲೆಯೊಂದನ್ನು ಸೇರಿದ.

ಒಂದೊಂದು ತರಗತಿಯಲ್ಲಿ ನಾಲ್ಕಾರು ಸಂಸಾರ. ನಡುವೆ ಗೋಡೆಯೆಂದರೆ ಹಗ್ಗಕ್ಕೆ ನೇತುಹಾಕಿದ ಹೊದಿಕೆ. ಅದನ್ನೆತ್ತಿ ಇಣುಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ತಲೆ ಎಣಿಸುವವರು ಎತ್ತಿದರು, ಹಳೆ ಬಟ್ಟೆ ಹಂಚುವವರು ಎತ್ತಿದರು, "ಅಯ್ಯೋ ಪಾಪ" ಎನ್ನಲು ಬಂದವರು ಕ್ಯಾಮೆರಾ ಸಮೇತ ಎತ್ತಿದರು. ನಿರಾಶ್ರಿತರ ಮೇಲೆ ಪುಸ್ತಕ ಬರೆಯುವ ಮಹಾಶಯನೊಬ್ಬನಂತೂ ಮಲಗಿದ್ದ ಸೊಸೆಯನ್ನು ಎಬ್ಬಿಸಿ, "ಕಣ್ಣೀರು ಬಂದ್ರೆ ತಡೀಬೇಡಿ" ಎಂದ. ಅವಳು ಬಟ್ಟೆ ಬದಲಿಸಲೂ ಕತ್ತಲಾಗುವವರೆಗೆ ಕಾಯುತ್ತಿದ್ದಳು.

"ಮಾವ, ಹೆರಿಗೇನೂ ಹಿಂಗೇನಾ? ಎಲ್ಲರ ಕಣ್ಣೆದುರಿಗೇನಾ?" ಎಂದು ಅವಳು ಕೇಳಿದ ದಿನ ಬಡಗಿ ಅರ್ಧ ಊಟಕ್ಕೇ ಎದ್ದ.

ಶಾಲೆಯ ಹಿಂದೆ ಬಿದ್ದಿದ್ದ ಒಡಕು ಕರಿಹಲಗೆಯನ್ನೂ ಮುರುಕು ಬೆಂಚುಗಳನ್ನೂ ಎಳೆದು ತಂದ. ಬೆಂಚಿನಿಂದ ಚೌಕಟ್ಟು, ಕರಿಹಲಗೆಯಿಂದ ಬಾಗಿಲು, ಒಳಗಡೆ ಚಿಲಕ. ನೆಲಕ್ಕೂ ತೊಲೆಗೂ ನಡುವೆ ಬಿಗಿದು ನಿಲ್ಲಿಸಿದ. ಅಕ್ಕಪಕ್ಕ ಇನ್ನೂ ಹೊದಿಕೆಯೇ, ಬೇಕೆಂದವನು ಸೊಂಟ ಬಗ್ಗಿಸಿದರೆ ಒಳಗೆ. ಆದರೂ ಬಾಗಿಲು ಕಂಡದ್ದೇ ತಡ, ಜನ ಬಡಿದರು, ಕಾದರು.

ಶಿಬಿರದ ಅಧಿಕಾರಿಗೆ ಇದು ಸರಿಬರಲಿಲ್ಲ. "ಬಾಗಿಲು ಹಾಕ್ಕೊಂಡ್ರೆ ಇಲ್ಲೇ ಬೇರು ಬಿಡ್ತೀರಿ. ಕಿತ್ತುಹಾಕಿ."

"ನಮ್ಮ ಬೇರು ಕಿತ್ತೋರ ಹತ್ರ ಹೋಗಿ ಹೇಳಿ ಸ್ವಾಮಿ! ಮನೇಗೆ ಬೆಂಕಿ ಇಟ್ಟಾಗ ಎಲ್ಲಿತ್ತು ನಿಮ್ಮ ಈ ಗತ್ತು?" ಬಡಗಿ ಸಿಡಿದ.

ಮಾರನೆಯ ಬೆಳಿಗ್ಗೆ ಅಧಿಕಾರಿ ಹಾರೆ ಹಿಡಿದ ಆಳೊಬ್ಬನನ್ನು ಕರೆತಂದ. ಒಳಗೆ ಸೊಸೆಗೆ ಹೆರಿಗೆ ನೋವು, ಪಕ್ಕದಲ್ಲಿ ಸೂಲಗಿತ್ತಿ. ಬಾಗಿಲ ಹೊರಗೆ ಕೂತಿದ್ದ ಬಡಗಿ ಸುತ್ತಿಗೆ ಎತ್ತಿಕೊಂಡು ಎದ್ದ. ಅಷ್ಟರಲ್ಲಿ ಆಳು, ಹುಟ್ಟಿದಾಗಿನಿಂದ ಬಂದ ಅಭ್ಯಾಸ ನೋಡಿ, ಹಾರೆ ಹಾಕುವ ಮೊದಲು ಬಾಗಿಲು ಬಡಿದ.

"ಯಾರದು?" ಸೊಸೆಯ ದನಿ.

"ಬಾಗಿಲು ಕೀಳೋಕೆ ಬಂದಿದೀವಮ್ಮ."

"ಈಗಾಗಲ್ಲ! ಆಮೇಲೆ ಬನ್ನಿ!"

ಆಳು ಹಾರೆ ಕೆಳಗಿಟ್ಟ. ಅಧಿಕಾರಿಯೂ ಒಂದು ಹೆಜ್ಜೆ ಹಿಂದೆ ಸರಿದ.

ಬಡಗಿಯ ಕೋಪ ಇಳಿಯಲಿಲ್ಲ, ಇನ್ನೂ ಏರಿತು. "ಆಮೇಲೆ ಬನ್ನಿ", ಇಷ್ಟು ಸಣ್ಣ ಮಾತು! ಬೀದಿನಾಯಿಗೂ ಹತ್ತಿರ ಬಂದವರ ಮೇಲೆ ಗುರ್ ಎನ್ನುವ ಹಕ್ಕಿದೆ. ಇಷ್ಟು ತಿಂಗಳು ತನ್ನ ಸೊಸೆಗೆ ಅದೂ ಇರಲಿಲ್ಲವಲ್ಲ!

ಮನೆಗೆ ಬಂದವರನ್ನು ಕೂರಿಸದೆ ಮಾತಾಡಿಸಿದವನಲ್ಲ ಅವನು. ಅಂದು ಮಾತ್ರ ಅಲ್ಲಿದ್ದ ಒಂದೇ ಸ್ಟೂಲನ್ನು ಎಳೆದುಕೊಂಡು ತಾನೇ ಕೂತ.

"ಕೇಳಿಸ್ತಲ್ಲ, ಕಾಯ್ತಾ ಇರಿ," ಎಂದ.

ಅಧಿಕಾರಿ ನಿಂತೇ ಕಾದ.