ತಳವಿಲ್ಲದ ಕೋಟು

ನನ್ನ ಮೈದುನ ದರ್ಜಿ. ಎದುರಿಗೆ ಬಂದವರ ಮುಖ ನೋಡುವುದು ಅವನಿಗೆ ತಡವಾಗಿ ನೆನಪಾಗುತ್ತದೆ. ಮೊದಲು ಭುಜ, ಆಮೇಲೆ ಸೊಂಟ, ಪುರಸೊತ್ತಿದ್ದರೆ ಮುಖ. ನಾನು ಈ ಮನೆಗೆ ಸೊಸೆಯಾಗಿ ಬಂದ ದಿನ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಇವನು ನನ್ನನ್ನು ಒಂದು ಸುತ್ತು ನೋಡಿ, "ಅತ್ತಿಗೆ, ನಿಮ್ಮ ಎಡಭುಜ ಸ್ವಲ್ಪ ಇಳಿದಿದೆ" ಎಂದಿದ್ದ. ಇಳಿದಿದ್ದು ನಿಜ. ಈಗ ಇನ್ನಷ್ಟು ಇಳಿದಿದೆ.

ಕೆಲಸಕ್ಕೆ ಕೂತರೆ ಅವನ ಬಾಯಿ ತುಂಬ ಗುಂಡುಸೂಜಿ. ಹಾಗಾಗಿ ಮಾತಿಲ್ಲ, ಬರೀ ಹೂಂಕಾರ. ಒಂದು ಹೂಂಗೆ ಕತ್ತರಿ ಕೊಡು ಎಂದು ಅರ್ಥ, ಇನ್ನೊಂದಕ್ಕೆ ಟೀ ತಣ್ಣಗಾಯಿತು ಎಂದು. ಇವನ್ನೆಲ್ಲ ಬಿಡಿಸಿ ಹೇಳಬಲ್ಲವಳು ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ ಒಬ್ಬಳೇ. ಅವಳಿಲ್ಲದ ದಿನ ಗಿರಾಕಿಗಳೂ ಹೂಂ ಎಂದು ಹೊರಟುಬಿಡುತ್ತಿದ್ದರು.

ಅವನ ಅಂಗಡಿಯಿದ್ದ ಹಳೆಯ ಕಟ್ಟಡವನ್ನು ಕೆಡವಿದಾಗ ಹೊಲಿಗೆ ಮಿಷನ್ನು ಮನೆಯ ಹಜಾರಕ್ಕೆ ಬಂತು. ಅದರ ಹಿಂದೆಯೇ ಇಸ್ತ್ರಿ ಮೇಜು, ಚಿಂದಿಯ ಮೂಟೆಗಳು, ತಲೆಯಿಲ್ಲದ ಕೋಟಿನ ಬೊಂಬೆ. ಓರಗಿತ್ತಿ ಹಲ್ಲು ಕಚ್ಚಿ ಸಹಿಸಿಕೊಂಡಳು. ಆದರೆ ಒಂದು ದಿನ ಬೀಗರು ಬಂದವರು, ಒಳ್ಳೆಯ ಕುರ್ಚಿ ನೋಡಿ ಕೂತು, ಕೂತಷ್ಟೇ ಬೇಗ ಮೇಲಕ್ಕೆ ಹಾರಿದರು. ಗುಂಡುಸೂಜಿ.

ಅವರು ಕುಂಟುತ್ತ ಹೋದ ಮೇಲೆ ಓರಗಿತ್ತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಚಳಿ ಬರೋದ್ರೊಳಗೆ ಈ ಮಿಷನ್ನು ಹಜಾರ ಬಿಡ್ಬೇಕು. ಇಲ್ದಿದ್ರೆ ನಾನು ಬಿಡ್ತೀನಿ."

"ಬಿಟ್ಟು ಎಲ್ಲಿಗೆ ಹೋಗ್ತೀಯೆ?" ಎಂದ ಮೈದುನ.

"ಅಕ್ಕನ ರೂಮಿಗೆ."

ನನ್ನ ರೂಮು ಅವಳ ರೂಮಿನ ಪಕ್ಕದ್ದೇ. ಆದರೂ ಮೈದುನ ಹೆದರಿದ.

ಹೋಗಲು ಅವನಿಗೆ ಒಂದು ಜಾಗವೇನೋ ಇತ್ತು. ದೊಡ್ಡ ಬೀದಿಯ ಸಿದ್ಧ ಉಡುಪಿನ ಅಂಗಡಿಯ ಸಾಹುಕಾರರು, ನಮ್ಮ ಮನೆಯಲ್ಲಿ ಅವರ ಹೆಸರು ರೆಡಿಮೇಡು, ತಮ್ಮ ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಡುತ್ತೇನೆಂದು ಬೆನ್ನು ಬಿದ್ದಿದ್ದರು. ಗಿರಾಕಿ ಕೊಂಡ ಪ್ಯಾಂಟು ಉದ್ದವಾದರೆ ತುದಿ ಕತ್ತರಿಸಿ ಮಡಿಚಿ ಹೊಲಿಯುವುದು. ಅಷ್ಟೇ ಕೆಲಸ.

"ಬೆಳಗಿಂದ ಸಾಯಂಕಾಲದವರೆಗೆ ಕಾಲು ಕತ್ತರಿಸೋದು. ನಾನೇನು ದರ್ಜಿನಾ, ಕಟುಕನಾ?" ಎಂದ ಮೈದುನ. ದನಿಯಲ್ಲಿ ಜಂಬವಿತ್ತು, ಮುಖದಲ್ಲಿರಲಿಲ್ಲ. ಕೋಟು ಹೊಲಿಯುವುದು ನಿಂತರೆ ಇವನು ಆ ಬೊಂಬೆಯ ಹಾಗೆ ಆಗಿಬಿಡುತ್ತಾನೆ ಎಂದು ನನಗನ್ನಿಸಿತು.

ದಾರಿ ತೋರಿಸಿದವಳು ಅವನ ಮಗಳು. ಅವಳು ಕಾರು ನಿಲ್ಲಿಸುವ ಗ್ಯಾರೇಜಿನ ಮೇಲೆ, ಇಳಿಜಾರು ಮಾಡಿನ ಕೆಳಗೆ, ಹಳೆಯ ಸಾಮಾನು ತುಂಬಿದ ಒಂದು ಅಟ್ಟದಂಥ ಕೋಣೆಯಿತ್ತು. "ಅಲ್ಲಿ ಮಾಡ್ಕೊಳ್ಳಿ ಅಪ್ಪ. ಆದ್ರೆ ಬರೀ ಹಲಗೆ ಗೋಡೆ. ಬೇಸಿಗೇಲಿ ಒಲೆ, ಚಳೀಲಿ ಐಸ್ ಪೆಟ್ಟಿಗೆ. ಬೆರಳು ಮರಗಟ್ಟಿದ್ರೆ ಸೂಜಿಗೆ ದಾರ ಹೇಗೆ ಪೋಣಿಸ್ತೀರಿ? ಯಾರನ್ನಾದ್ರೂ ಕರೆಸಿ, ಒಳಗೆಲ್ಲ ಬೆಚ್ಚಗೆ ಮಾಡಿಸೋಣ."

"ಯಾರನ್ನ ಕರೆಸ್ತೀಯ? ಇಷ್ಟು ವರ್ಷ ಕೋಟಿಗೆ ಲೈನಿಂಗ್ ಹಾಕಿದೋನು ನಾನು. ಮನೆಗೆ ಹಾಕೋದೇನು ಮಹಾ? ಹೊರಗೆ ಹಲಗೆ, ಒಳಗೆ ಹಲಗೆ, ಮಧ್ಯೆ ಹತ್ತಿ. ಕೋಟೇ ಅದು!"

ಹತ್ತಿ ಎಂದರೆ ನಮ್ಮ ಹತ್ತಿಯಲ್ಲ, ಗಾಜಿನ ಹತ್ತಿ, ಚಳಿ ತಡೆಯಲು ಗೋಡೆಯೊಳಗೆ ತುಂಬುವ ಗಾಜಿನ ಎಳೆ. ಹಳದಿ ಬಣ್ಣದ್ದು, ಹಾಸಿಗೆಯ ಹಾಗೆ ಸುತ್ತಿಕೊಂಡು ಬಂತು. ಸಾಮಾನಿನ ಅಂಗಡಿಯವನು ಕೈಗವಸು ಹಾಕಿಕೊಳ್ಳಿ, ತೋಳು ಮುಚ್ಚಿಕೊಳ್ಳಿ ಎಂದು ಹೇಳಿಯೇ ಕಳಿಸಿದ್ದ. ಮೈದುನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡುವ ಚಾಳಿಯವನು. ಉಜ್ಜಿ ನೋಡಿದ. ಆ ಸಂಜೆಯೆಲ್ಲ ಮೈತುರಿಕೆ ತಾಳದೆ ಬೆನ್ನನ್ನು ಬಾಗಿಲ ಚೌಕಟ್ಟಿಗೆ ಉಜ್ಜುತ್ತ ನಿಂತಿದ್ದ.

ಅಳತೆಗೆ ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ನನ್ನದು. ಬಾಗಿಲ ಕಡೆಯ ಗೋಡೆ ಅವನಿಗೆ ಎದೆ, ಎದುರಿನದು ಬೆನ್ನು, ಮಾಡಿನ ಇಳಿಜಾರು ಭುಜ. "ನಿಮ್ದೇ ಭುಜ ಅತ್ತಿಗೆ ಇದು, ಎಡಕ್ಕೆ ಇಳಿದಿದೆ" ಎಂದು ನಗುತ್ತಿದ್ದ. ಎಲ್ಲ ಅಳತೆಗೂ ಒಂದು ಅಂಗುಲ ಜಾಸ್ತಿ ಬಿಟ್ಟು ಕತ್ತರಿಸಿದ. ಗಾಜಿನ ಹತ್ತಿಗೆ ಅದು ಸರಿಯೇ ಆಯಿತು, ಗೋಡೆಯ ಮರದ ಕಂಬಗಳ ನಡುವೆ ಗಟ್ಟಿಯಾಗಿ ಕಚ್ಚಿಕೊಂಡು ಕೂತಿತು. ಅವನ ಎದೆ ಉಬ್ಬಿತು. ಮರುದಿನ ಒಳಹಲಗೆಗಳನ್ನೂ ಹಾಗೆಯೇ ಕತ್ತರಿಸಿ ತಂದ. ಒಂದೂ ಕೂರಲಿಲ್ಲ.

"ಒಂದಂಗುಲ ಯಾಕಪ್ಪಾ ಬಿಟ್ಟೆ?" ಎಂದೆ.

"ಮಡಿಚಿ ಹೊಲಿಯೋಕೆ ಬಿಡ್ಬೇಕಲ್ವಾ ಅತ್ತಿಗೆ?"

"ಹಲಗೇನ ಹೇಗೆ ಮಡಿಚ್ತೀಯ?"

ಅವನು ಹಲಗೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಹಲಗೆಯನ್ನು ನೋಡಿದ. ಆಮೇಲೆ ಗರಗಸ ಹಿಡಿದ. ಆ ವಾರವೆಲ್ಲ ಅಂಗುಲ ಕೊಯ್ಯುವುದೇ ಆಯಿತು. ಮಗಳು ಕಾರಿನ ಮೇಲಿನ ಮರದ ಪುಡಿ ಒರೆಸುತ್ತ, "ಅಪ್ಪ, ಟ್ರಯಲ್ ಯಾವತ್ತು? ಮನೆ ಸ್ವಲ್ಪ ಟೈಟು ಅನ್ಸುತ್ತೆ" ಎಂದು ಕೂಗುತ್ತಿದ್ದಳು.

ಅಂತೂ ಕೋಣೆ ಮುಗಿಯಿತು. ಹಲಗೆಗಳ ಸಂದು ತುಂಬಿ, ಉಜ್ಜಿ, ಬಿಳಿ ಬಣ್ಣ ಬಳಿದ. ಮಿಷನ್ನು ಮೇಲೇರಿತು, ಪುಟ್ಟ ಹೀಟರು ಬಂತು, ಹಜಾರ ಹಜಾರವಾಯಿತು. ಓರಗಿತ್ತಿ ಕುರ್ಚಿಗಳನ್ನು ಒಂದೊಂದಾಗಿ ಅಂಗೈಯಲ್ಲಿ ಸವರಿ ನೋಡಿದಳು.

ಚಳಿ ಬಂದ ವಾರವೇ ರೆಡಿಮೇಡು ಸಾಹುಕಾರರು ಬಂದರು. ಅವರ ಹೊಟ್ಟೆಗೆ ಅವರ ಅಂಗಡಿಯ ಯಾವ ಕೋಟಿನ ಗುಂಡಿಯೂ ಸೇರುವುದಿಲ್ಲ, ಹೊಲಿಸಿಕೊಳ್ಳದೆ ಗತಿಯಿಲ್ಲ. ಅಳತೆ ಕೊಡುವ ನೆಪದಲ್ಲಿ ಮೂಲೆಯ ಸ್ಟೂಲಿನ ಮಾತೂ ಮುಗಿಸೋಣ ಎಂದು ಅವರ ಲೆಕ್ಕಾಚಾರ. ನಾವು ಮೂವರೂ ಮೇಲೆಯೇ ಇದ್ದೆವು. ಸಾಹುಕಾರರು ಚಪ್ಪಲಿ ಕಳಚಿ ಒಳಗೆ ಬಂದರು. ಗೋಡೆ ತಟ್ಟಿ, "ಭೇಷ್, ಬೆಚ್ಚಗಿದೆ" ಎಂದರು. ಸ್ವಲ್ಪ ಹೊತ್ತಿಗೆ ಹಣೆಯ ಬೆವರು ಒರೆಸಿಕೊಂಡರು. ಇನ್ನೂ ಸ್ವಲ್ಪ ಹೊತ್ತಿಗೆ ಒಂದು ಕಾಲು ಎತ್ತಿದರು. ಅದನ್ನು ಇಳಿಸಿ ಇನ್ನೊಂದು ಎತ್ತಿದರು.

"ಏನು ಸಾಹುಕಾರ್ರೆ, ಕುಣೀತಿದೀರಿ?" ಎಂದಳು ಓರಗಿತ್ತಿ.

"ಅಮ್ಮಾ, ತಲೇಲಿ ಬೇಸಿಗೆ, ಕಾಲಲ್ಲಿ ಐಸು!"

ನನಗೂ ಆಗಲೇ ಪಾದ ಜುಮ್ಮೆನ್ನುತ್ತಿತ್ತು, ಮೈದುನನ ಮರ್ಯಾದೆಗೆ ಸುಮ್ಮನಿದ್ದೆ. ಮೈದುನ ಏನೂ ಆಗದವನಂತೆ ಮಿಷನ್ನಿಗೆ ಕೂತು ತುಳಿದ. ಮರಗಟ್ಟಿದ ಕಾಲು ತಾಳ ತಪ್ಪಿತು, ಹೊಲಿಗೆ ಹಾವಿನಂತೆ ಹರಿಯಿತು. ಅವನ ಹೊಲಿಗೆ ಸೊಟ್ಟಗಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇಲ್ಲಿ ಆಗಲ್ಲಪ್ಪ ದರ್ಜಿ," ಎಂದರು ಸಾಹುಕಾರರು, ಮೆತ್ತಗೆ. "ಬಂದ್ಬಿಡು. ನಮ್ಮಲ್ಲಿ ನೆಲಕ್ಕೆ ಕಂಬಳಿ ಹಾಸಿದೆ."

ಮೈದುನ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಒಪ್ಪಿಯೇಬಿಡುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಕೆಳಗಿನಿಂದ, ಕಾರಿನ ಬಾಗಿಲು ಹಾಕಿದ ಮಗಳ ದನಿ ಕಾಲಬುಡದಲ್ಲೇ ಕೇಳಿಸಿತು: "ಅಪ್ಪ, ಯಾವ ಕಂಬಳಿ?"

ಎಲ್ಲರೂ ನೆಲ ನೋಡಿದೆವು. ಹಲಗೆಯ ಸಂದಿನಲ್ಲಿ ಕಾರಿನ ಕೆಂಪು ಕಾಣಿಸುತ್ತಿತ್ತು.

"ಗೋಡೆಗೆ ಹಾಕಿದೆ, ಮಾಡಿಗೆ ಹಾಕಿದೆ. ಕೆಳಗೆ?" ಎಂದೆ.

"ಕೆಳಗೆ ಎಂಥದು ಅತ್ತಿಗೆ? ಕೋಟಿಗೆ ತಳ ಎಲ್ಲಿರುತ್ತೆ?"

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಸಾಹುಕಾರರು ಮೊದಲು ನಕ್ಕರು, ಆಮೇಲೆ ನಾನು, ಕೆಳಗಿನಿಂದ ಮಗಳು. ನಗದಿದ್ದವಳು ಓರಗಿತ್ತಿ.

"ಕೋಟಿಗಿಲ್ಲ, ಕಾಲುಚೀಲಕ್ಕಿರುತ್ತೆ," ಎಂದಳು. "ಉಳಿದ ಹತ್ತಿ ಎಲ್ಲಿಟ್ಟಿದೀರಿ? ಏಳಿ."

ಮಿಷನ್ನು ಹೊರಗೆ ಹೋಗಬೇಕು ಎಂದು ಹಟ ಹಿಡಿದವಳೇ ಕೈಗವಸು ಹಾಕಿಕೊಂಡು ಗ್ಯಾರೇಜಿನ ಏಣಿಯ ಬುಡದಲ್ಲಿ ನಿಂತಳು. ಅವನು ಏಣಿಯ ಮೇಲೆ. ನೆಲ ಹೊತ್ತ ತೊಲೆಗಳ ನಡುವೆ ಹತ್ತಿ ತುರುಕುವುದು, ಕೆಳಗೆ ಹಲಗೆ ಹೊಡೆಯುವುದು. ಬಾಯಲ್ಲಿ ಈಗ ಗುಂಡುಸೂಜಿಯ ಬದಲು ಮೊಳೆ. ಅವನು ಹೂಂ ಎಂದರೆ ಇವಳು ಹಲಗೆ ಎತ್ತುವಳು, ಇನ್ನೊಂದು ಥರ ಹೂಂ ಎಂದರೆ ಸುತ್ತಿಗೆ ಕೊಡುವಳು. ನಡುವೆ ಒಮ್ಮೆ ಅವನು ಉದ್ದಕ್ಕೆ ಏನೋ ಹೂಂಗುಟ್ಟಿದ. ಅವಳ ಮುಖ ಕೆಂಪೇರಿತು.

"ಏನಂದ?" ಎಂದೆ.

"ಏನಿಲ್ಲ ಬಿಡಿ ಅಕ್ಕ," ಎಂದಳು.

ಅದೊಂದನ್ನು ಮಾತ್ರ ಅವಳು ಇವತ್ತಿಗೂ ಬಿಡಿಸಿ ಹೇಳಿಲ್ಲ.

ಸಾಹುಕಾರರು ಕೋಟಿನ ಟ್ರಯಲ್ಲಿಗೆ ಮತ್ತೆ ಬಂದರು. ಹುಷಾರಿಯಿಂದ ಒಂದು ಪಾದ ನೆಲಕ್ಕೆ ಇಟ್ಟು ನೋಡಿದರು, ಆಮೇಲೆ ಇನ್ನೊಂದು. ಮುಖ ಸ್ವಲ್ಪ ಸಪ್ಪಗಾಯಿತು. ಆದರೂ ಕೋಟು ತೊಟ್ಟು ನಿಂತು, "ಮೂಲೇಲಿ ಸ್ಟೂಲು ಹಾಗೇ ಇದೆಯಪ್ಪ. ಏನಂತೀಯ?" ಎಂದರು.

ಮೈದುನ ಅವರ ಸೊಂಟದ ಹತ್ತಿರ ಮಂಡಿಯೂರಿದ್ದ, ಬಾಯಿ ತುಂಬ ಗುಂಡುಸೂಜಿ. "ಹ್ಞೂಂ... ಹೂಂಹೂಂ. ಹೂಂ," ಎಂದ.

ಸಾಹುಕಾರರು ಓರಗಿತ್ತಿಯ ಮುಖ ನೋಡಿದರು.

"ಬರಲ್ವಂತೆ," ಎಂದಳು ಅವಳು. "ಮತ್ತೆ, ಹೊಟ್ಟೆ ಒಳಗೆ ಎಳ್ಕೋಬೇಡಿ, ಉಸಿರು ಬಿಡಿ ಅಂತಿದಾರೆ. ಅವ್ರು ಇರೋ ಹೊಟ್ಟೆಗೇ ಹೊಲಿಯೋದಂತೆ."