ಫರಸಿ ಬೆನ್ನಿನ ಪ್ರಾಣಿಗೆ ಅವ್ವನ ಸೀರೆ

ನನ್ನ ಅವ್ವನ ಸೀರೆಯನ್ನು ಒಂದು ಪ್ರಾಣಿ ಉಟ್ಟುಕೊಂಡು ಹೋಯಿತು ಅಂದರೆ ಕೇಳಿದವರೆಲ್ಲ ನಗುತ್ತಾರೆ. ಆ ಪ್ರಾಣಿ ಸತ್ತು ಇಪ್ಪತ್ತು ಕೋಟಿ ವರ್ಷ ದಾಟಿತ್ತು ಅಂದರೆ ಇನ್ನೂ ಜೋರಾಗಿ ನಗುತ್ತಾರೆ. ನಗಲಿ. ನನಗಾಗ ಹನ್ನೊಂದು ವರ್ಷ. ಅವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ಅವಳದು ಅನ್ನುವಂಥದ್ದು ಆ ಸೀರೆ ಬಿಟ್ಟರೆ ನನ್ನ ಪಾಲಿಗೆ ಏನೂ ಉಳಿದಿರಲಿಲ್ಲ.

ನಮ್ಮದು ಕಲಬುರಗಿ ಹತ್ತಿರದ ಕಮಲಾಪುರ. ನಿಜಾಮರ ಸರಕಾರ ನಡೆಯುತ್ತಿದ್ದ ಕಾಲ. ಹೊಲವನ್ನು ಕಾಕಾ ನೋಡಿಕೊಳ್ಳುತ್ತಿದ್ದ. ಅಪ್ಪ ಮಾತ್ರ ದೀಪಾವಳಿ ಮುಗಿದದ್ದೇ ತಡ, ಒಬ್ಬ ಸಾಹೇಬರ ಹಿಂದೆ ಹೊರಟುಬಿಡುತ್ತಿದ್ದ. ತಿರುಗಿ ಬರುತ್ತಿದ್ದದ್ದು ಯುಗಾದಿಗೆ. ಸಾಹೇಬರು ಹೈದರಾಬಾದಿನವರು, ನೆಲದೊಳಗೆ ಎಲ್ಲಿ ಏನಿದೆ ಎಂದು ಸರಕಾರಕ್ಕೆ ಬರೆದು ಕೊಡುವುದು ಅವರ ಕೆಲಸ. ಕಲಬುರಗಿಯಲ್ಲಿ ಸ್ಟೇಶನ್ ಬಜಾರದ ಹಿಂದೆ ಅವರಿಗೊಂದು ಬಂಗಲೆ ಇತ್ತು. ಆದಿಲಾಬಾದ ಕಡೆ, ಗೋದಾವರಿ ಸೀಮೆಯ ಕೆಂಪು ಮಣ್ಣಿನಲ್ಲಿ ಕಲ್ಲಿದ್ದಲು ಹುಡುಕಲು ಹೋದವರಿಗೆ ಕಲ್ಲಾದ ಎಲುಬು ಸಿಕ್ಕವಂತೆ. ಅಲ್ಲಿಂದ ಸಾಹೇಬರಿಗೆ ಎಲುಬಿನದೇ ಗುಂಗು.

ಎಲುಬು ಕಲ್ಲಾಗಿದ್ದರೂ ಸುತ್ತಲಿನ ಮಣ್ಣು ಮೆತ್ತಗೆ. ಹಾಗೇ ಎತ್ತಿದರೆ ಎಲ್ಲ ಚೂರುಚೂರು. ಅದಕ್ಕೇ ಮಣ್ಣು ಸಮೇತ ಗಡ್ಡೆಯಾಗಿ ಬಿಡಿಸಿ, ಮೇಲೆ ಒದ್ದೆ ಕಾಗದ ಹೊದಿಸಿ, ಗೋಧಿಹಿಟ್ಟಿನ ಅಂಟಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿಗಳನ್ನು ಸುತ್ತುತ್ತಿದ್ದರು. ಒಣಗಿದ ಮೇಲೆ ಅದು ಕಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು. ಈ ಸುತ್ತುವ ಕೆಲಸ ಅಪ್ಪನದು. ಹೊಸ ಬಟ್ಟೆ ಅಂಟು ಹಿಡಿಯುವುದಿಲ್ಲ, ಒಗೆದು ಒಗೆದು ಸವೆದ ಹತ್ತಿ ಬಟ್ಟೆಯೇ ಆಗಬೇಕು ಎನ್ನುತ್ತಿದ್ದ. ಹೀಗಾಗಿ ಪ್ರತಿ ವರ್ಷ ಊರೆಲ್ಲ ತಿರುಗಿ ಹರಕು ಧೋತರ, ಹರಕು ಸೀರೆ ಕೂಡಿಸಿ ಗಂಟು ಕಟ್ಟಿ ಒಯ್ಯುತ್ತಿದ್ದ. ಊರವರು ಅವನಿಗೆ ಅದಕ್ಕೇ ಚಿಂದಿ ಸಾಹೇಬ ಅನ್ನುತ್ತಿದ್ದರು.

ಅವ್ವನಿಗೆ ಇದ್ದದ್ದು ಮೂರು ಸೀರೆ. ಒಂದು ಅವಳ ಜೊತೆ ಮಣ್ಣಿಗೆ ಹೋಯಿತು. ಒಂದನ್ನು ಚಿಕ್ಕವ್ವ ಒಯ್ದಳು. ಮೂರನೆಯದು ದಿನಾ ಉಡುತ್ತಿದ್ದ ನೀಲಿ ಸೀರೆ, ಕೆಂಪು ಸೆರಗು, ಒಲೆಯ ಕಿಡಿ ಹಾರಿ ಅಲ್ಲಲ್ಲಿ ತೂತು ಬಿದ್ದದ್ದು. ಅದರಿಂದ ನನಗೆ ಹೊದೆಯಲು ಒಂದು ಕೌದಿ ಹೊಲಿದು ಕೊಡುವುದಾಗಿ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಹೇಳಿದ್ದಳು. ಅವ್ವನದು ವರ್ಷ ತುಂಬಲಿ, ಆಮೇಲೆ ಸೂಜಿ ಹಿಡಿಯುತ್ತೇನೆ ಎಂದು ಗಂಟು ಕಟ್ಟಿ ಒಳಕೋಣೆಯಲ್ಲಿಟ್ಟಿದ್ದಳು. ನಾನು ಆಗಾಗ ಹೋಗಿ ಆ ಗಂಟಿಗೆ ಮೂಗು ಹಚ್ಚಿ ಬರುತ್ತಿದ್ದೆ.

ಅಪ್ಪ ಹೊರಟ ಬೆಳಗ್ಗೆ ಗಾಡಿ ಬಾಗಿಲಲ್ಲಿ ನಿಂತಿತ್ತು. ಸಾಹೇಬರಿಗೆಂದು ಕೆಂಪು ಬಾಳೆಯ ಗೊನೆ ಏರಿಸುತ್ತ ಅವನು ಕೂಗಿದ, "ಅರಿವಿ ಗಂಟು ತಾರವ್ವ." ಒಳಗೆ ಕತ್ತಲು. ಎರಡು ಬಟ್ಟೆ ಗಂಟು ಪಕ್ಕಪಕ್ಕದಲ್ಲಿದ್ದವು, ಎರಡನ್ನೂ ಆಯಿ ತನ್ನ ಹಳೆ ಸೀರೆಯ ತುಂಡಿನಲ್ಲೇ ಕಟ್ಟಿದ್ದಳು. ಅಪ್ಪನ ಕೆಲಸಕ್ಕೆ ಕೈಹಚ್ಚುವುದೆಂದರೆ ನನಗೆ ಎಲ್ಲಿಲ್ಲದ ಹುರುಪು. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದೆ. ನಾನೇ, ನನ್ನ ಕೈಯಾರೆ ಕೊಟ್ಟೆ.

ಮೂರನೇ ದಿನ ಆಯಿ ಉಳಿದ ಗಂಟನ್ನು ಬಿಸಿಲಿಗೆ ಹಾಕಲು ಬಿಚ್ಚಿದಳು. ಒಳಗೆ ಊರವರ ಹರಕು ಧೋತರ. ನಾನು ನೆಲಕ್ಕೆ ಬಿದ್ದು ಹೊರಳಾಡಿ ಅತ್ತೆ. ಆಯಿ ಬೈಯಲಿಲ್ಲ. ನನ್ನ ತಲೆ ಮೇಲೆ ಕೈಯಿಟ್ಟು, "ನಿಮ್ಮವ್ವ ಇದ್ದಾಗ ಕಲಬುರಗಿ ದಾಟಿ ಹೋಗಿದ್ದಿಲ್ಲ. ಈಗ ನೋಡು, ಗೋದಾವರಿ ನೋಡಾಕ ಹೋಗ್ಯಾಳ," ಅಂದಳು. ಹಾಗಂದವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಪ್ಪ ಗುರುತು ಹಿಡಿಯುತ್ತಾನೆ, ತೆಗೆದಿಡುತ್ತಾನೆ ಎಂದು ನಂಬಿಕೊಂಡು ಚಳಿಗಾಲ ಕಳೆದೆ. ಯುಗಾದಿಗೆ ಅವನು ಬಂದ. ಕೈಯಲ್ಲಿ ಗಂಟಿರಲಿಲ್ಲ.

"ಮೊದಲನೇ ದಿನಾನೇ ಗುರ್ತು ಹಿಡದೆ," ಅಂದ. "ತೆಗದು ತಲಿದಿಂಬಿಗೆ ಇಟ್ಕೊಂಡಿದ್ದೆ."

"ಮತ್ತ ಯಾಕ ಕೊಟ್ಟಿ?"

ಅಪ್ಪ ಹೇಳಿದ್ದು ಇಷ್ಟು. ಶಿಬಿರ ಏಳುವುದಕ್ಕೆ ಎರಡು ದಿನ ಇರುವಾಗ ಒಂದು ಪ್ರಾಣಿಯ ಬೆನ್ನು ಕಂಡಿತು. ಬರೀ ಎಲುಬಲ್ಲ, ಬೆನ್ನಿನ ಮೇಲಿನ ಚಿಪ್ಪುಗಳು ಸಾಲು ತಪ್ಪದೆ ಹಾಗೇ ಇದ್ದವು. ಅಂಥದ್ದು ಅಲ್ಲಿಯವರೆಗೆ ಸಿಕ್ಕಿರಲಿಲ್ಲ, ಬಿಡಿ ಚೂರುಗಳೇ ಸಿಗುತ್ತಿದ್ದವು. ತಂದ ಬಟ್ಟೆ ಅಷ್ಟೂ ತೀರಿತ್ತು. ಆ ಹೊತ್ತಿಗೆ ಸರಿಯಾಗಿ ಅಕಾಲದ ಮಳೆ ಹನಿಯತೊಡಗಿತು. ಮಣ್ಣು ಕರಗಿದರೆ ಸಾಲು ಚೆದುರಿ ಹೋಗುತ್ತದೆ. ಅಪ್ಪ ಡೇರೆಗೆ ಓಡಿ ಅವ್ವನ ಸೀರೆ ತಂದ.

"ಎಲ್ಲಾರೂ ಹರಿ ಹರಿ ಅಂದ್ರು, ಪಟ್ಟಿ ಮಾಡು ಅಂದ್ರು. ನಾ ಹರೀಲಿಲ್ಲವ್ವ. ಇಡೀ ಸೀರಿ ಮಡಚಿ ಮಡಚಿ ಸುತ್ತೀನಿ. ಒಂದು ಎಳಿ ಹರದಿಲ್ಲ."

ಆಮೇಲೆ ಆ ಪ್ರಾಣಿಯ ಬಗ್ಗೆ ಹೇಳತೊಡಗಿದ. ಅವನ ದನಿಯೇ ಬದಲಾಯಿತು. "ಮೊಸಳಿಗೆ ದೂರದ ಬಳಗ ಅಂತ. ಆದ್ರ ಪಾಪದ್ದು, ಗಿಡಾ ತಿಂದು ಬದುಕೂದು. ಮೂತಿ ಹಂದಿದು. ಬೆನ್ನ ಮ್ಯಾಲ ನಮ್ಮ ಶಹಾಬಾದ ಫರಸಿ ಕಲ್ಲು ಹಾಸಿದಂಗ ಸಾಲಾಗಿ ಚಿಪ್ಪು. ಒಂದೊಂದು ಚಿಪ್ಪಿನ ಮ್ಯಾಲೂ ಸಣ್ಣ ಸಣ್ಣ ಕುಣಿ, ರೊಟ್ಟಿ ಮ್ಯಾಲ ಬೆರಳು ಮೂಡಿದಂಗ." ಸಾಹೇಬರು ಅದಕ್ಕೆ ಏಟೋಸಾರಸ್ ಜಾತಿ ಅಂದಿದ್ದರಂತೆ, ಜರ್ಮನಿ ದೇಶದಲ್ಲಿ ಇಂಥದ್ದೇ ಸಿಕ್ಕಿದೆಯಂತೆ. ಅದರ ಕಾಲಕ್ಕೆ ಟ್ರಯಾಸಿಕ್ ಅನ್ನುತ್ತಾರೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನನಗೆ ಅದರ ಮೇಲೆ ಬರೀ ಹೊಟ್ಟೆಕಿಚ್ಚು. ಅಷ್ಟು ದಪ್ಪ ಚಿಪ್ಪು ಹೊತ್ತ ಪ್ರಾಣಿಗೆ ಮೇಲೊಂದು ನಮ್ಮವ್ವನ ಸೀರೆ ಬೇರೆ ಬೇಕಾಗಿತ್ತೇ?

ಆದರೆ ಹರಿದಿಲ್ಲ ಅಂದನಲ್ಲ, ಅಷ್ಟು ಸಾಕಾಯಿತು. "ಹಂಗಾದ್ರ ಬಿಚ್ಚಿ ಕೊಡ್ತಾರಲ್ಲ?" ಎಂದು ಕೇಳಿದೆ. ಪೆಟ್ಟಿಗೆಗಳು ಕಲಬುರಗಿ ಬಂಗಲೆಗೆ ಬಂದಿವೆ, ಮಳೆಗಾಲ ಕಳೆದು ಸಾಹೇಬರು ಬಂದ ಮೇಲೆ ತೆರೆಯುತ್ತಾರೆ ಅಂದ. ತೆರೆಯುತ್ತಾರೆ ಅಂದದ್ದನ್ನೇ ನಾನು ಬಿಚ್ಚಿ ಕೊಡುತ್ತಾರೆ ಅಂತ ತಿಳಿದೆ. ಯುಗಾದಿಯಿಂದ ದೀಪಾವಳಿಯವರೆಗೆ ಕಾದೆ. ಕೌದಿಯ ಒಳಪದರಕ್ಕೆಂದು ಆಯಿ ಬೇರೆ ಬಟ್ಟೆ ಜೋಡಿಸಿಟ್ಟಳು. ಮೇಲಿನ ಪದರದ ಜಾಗ ಮಾತ್ರ ಖಾಲಿ.

ಹಬ್ಬವಾದ ಮೇಲೆ ಅಪ್ಪ ಹೊರಟಾಗ ನಾನೂ ಹಟ ಹಿಡಿದು ಗಾಡಿ ಹತ್ತಿದೆ. ಬಂಗಲೆಯ ಹಿಂದಿನ ಪಡಸಾಲೆಯಲ್ಲಿ ಏಳು ಗಡ್ಡೆಗಳನ್ನು ಸಾಲಾಗಿ ಇಟ್ಟಿದ್ದರು. ಏಳನೆಯದು ನೀಲಿ. ಅಂಟು ಬಿದ್ದು ಮಾಸಿತ್ತು, ಆದರೂ ಕೆಂಪು ಸೆರಗು ಹೊರಗೇ ಇತ್ತು, ಕಿಡಿಯ ತೂತುಗಳೂ ಇದ್ದವು. ಅದನ್ನು ಕಂಡದ್ದೇ ನನಗೆ ಅವ್ವ ಅಲ್ಲಿ ಮುದುಡಿ ಮಲಗಿದ್ದಾಳೆ ಅನ್ನಿಸಿತು. ಹತ್ತಿರ ಹೋಗಿ ಮೂಗು ಹಚ್ಚಿದೆ. ಹಿಟ್ಟಿನ ಮುಗ್ಗಲು ವಾಸನೆ, ಮಣ್ಣಿನ ವಾಸನೆ. ಅವ್ವನ ವಾಸನೆ ಇರಲಿಲ್ಲ.

ಸಾಹೇಬರು ಕುರ್ಚಿ ಹಾಕಿಸಿಕೊಂಡು ಕುಳಿತರು. ಅಪ್ಪ ಮೊದಲನೆಯ ಗಡ್ಡೆ ತೆಗೆದುಕೊಂಡು ದೊಡ್ಡ ಕತ್ತರಿಯಿಂದ ನಡುಮಧ್ಯ ಕರಕರ ಕತ್ತರಿಸಿ, ಸಿಪ್ಪೆ ಸುಲಿದಂತೆ ಬಟ್ಟೆ ಕಿತ್ತು ಬುಟ್ಟಿಗೆ ಎಸೆದ. ಎರಡನೆಯದೂ ಹಾಗೇ. ನಾನು ಮೆಲ್ಲಗೆ, "ನೀರು ಹಾಕಿ ನೆನಸಿ ಬಿಚ್ಚಾಕ ಬರೂದಿಲ್ಲೇನು?" ಎಂದೆ. "ನೀರು ತಾಗಿದ್ರ ಒಳಗಿನ ಮಣ್ಣು ಕರಗತದವ್ವ. ಚಿಪ್ಪು ಹಾಳಾಗತದ," ಅಂದ, ನನ್ನ ಮುಖ ನೋಡದೆ. ಆಗ ತಿಳಿಯಿತು. ಚಿಪ್ಪು ಉಳಿಯಬೇಕಾದರೆ ಸೀರೆಗೆ ಕತ್ತರಿ. ಸೀರೆ ಉಳಿಯಬೇಕಾದರೆ ಚಿಪ್ಪು ಕೆಸರು. ಇದು ಅವನಿಗೆ ಯುಗಾದಿಗೇ ಗೊತ್ತಿತ್ತು.

ತುಂಡಾದರೂ ಚಿಂತೆಯಿಲ್ಲ ಎಂದುಕೊಂಡೆ. ಕೌದಿಗೆ ಹೇಗೂ ತುಂಡುಗಳೇ ಬೇಕು. ಬುಟ್ಟಿಯಿಂದ ಆರಿಸಿಕೊಳ್ಳುತ್ತೇನೆ, ತೊಳೆಯುತ್ತೇನೆ, ಅಂಗೈ ಅಗಲ ಸಿಕ್ಕರೂ ಸಾಕು. ಬುಟ್ಟಿಯ ಪಕ್ಕದಲ್ಲೇ ಹೋಗಿ ಕುಳಿತೆ.

ಆರು ಗಡ್ಡೆ ಮುಗಿದವು. ಅಪ್ಪ ಏಳನೆಯದರ ಮುಂದೆ ಕುಳಿತು ಕತ್ತರಿ ಸೆರಗಿನ ಅಂಚಿಗೆ ತಂದ. ಹಾಗೇ ನಿಲ್ಲಿಸಿದ. ಇನ್ನೊಂದು ಕೈಯಿಂದ ಅದರ ಮೇಲಿನ ಧೂಳು ಒರೆಸಿದ. ಮತ್ತೆ ಕತ್ತರಿ ಹಚ್ಚಿದ, ಮತ್ತೆ ತೆಗೆದ. ಕೊನೆಗೆ ಅದನ್ನು ನೆಲಕ್ಕಿಟ್ಟು ಎದ್ದು ಕೈಮುಗಿದು, "ಹುಜೂರ್, ಯೇ ಕಚ್ಚಾ ಹೈ. ಖೋಲೇ ತೋ ಟೂಟ್ ಜಾತಾ," ಅಂದ. ಇದು ಇನ್ನೂ ಹಸಿಯಿದೆ, ತೆರೆದರೆ ಒಡೆಯುತ್ತದೆ, ಹಾಗೇ ಹೈದರಾಬಾದಿಗೆ ಕಳಿಸಿಬಿಡೋಣ ಅಂತ ಅವನ ಮುರುಕು ಉರ್ದುವಿನಲ್ಲಿ ಬಿನ್ನವಿಸಿದ.

ಅದು ಹಸಿ ಇರಲಿಲ್ಲ. ಎಂಟು ತಿಂಗಳು ಒಣಗಿ ಕೊರಡಾಗಿತ್ತು. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಬಾಯಿ ಬಿಟ್ಟಿದ್ದರೆ, ಹೋಗಿ ಬೆರಳಿನಿಂದ ತಟ್ಟಿ ಸಪ್ಪಳ ಕೇಳಿಸಿದ್ದರೆ, ಸಾಹೇಬರು ಬೇರೆ ಆಳಿನ ಕೈಯಿಂದ ಕತ್ತರಿ ಹಾಕಿಸುತ್ತಿದ್ದರು. ನನಗೆ ಬುಟ್ಟಿ ತುಂಬ ಸಿಗುತ್ತಿತ್ತು. ನಾನು ಅಪ್ಪನ ಕೈ ನೋಡಿದೆ. ಮುಗಿದ ಬೆರಳುಗಳಿಗೆ ಸೆರಗಿನ ಧೂಳು ಹತ್ತಿತ್ತು. ಅವ್ವ ಹೋದಾಗ ಒಂದು ಹನಿ ಕಣ್ಣೀರು ಹಾಕದವನು ಎಂದು ಒಂದೂಕಾಲು ವರ್ಷ ಅವನ ಮೇಲೆ ಒಳಗೊಳಗೇ ಸಿಟ್ಟು ಇಟ್ಟುಕೊಂಡಿದ್ದೆ. ಬಾಯಿ ಬಿಡಲಿಲ್ಲ.

ಸಾಹೇಬರು ತಲೆಯಾಡಿಸಿದರು. ಅಪ್ಪನೇ ಪೆಟ್ಟಿಗೆಗೆ ಹುಲ್ಲು ಹಾಸಿ, ಗಡ್ಡೆಯನ್ನು ಎರಡೂ ಕೈಯಿಂದ ಇಳಿಸಿ, ಮೊಳೆ ಹೊಡೆದ. ಅದು ರೈಲು ಹತ್ತಿತು. ಮುಂದೆ ಯಾರ ಕೈಗೆ ಬಂತೋ, ಎಲ್ಲಿದೆಯೋ, ನಾನು ವಿಚಾರಿಸಿಲ್ಲ. ತೆರೆದಿದ್ದರೆ ಕತ್ತರಿಸಿಯೇ ತೆರೆದಿರುತ್ತಾರೆ. ಅದನ್ನು ಕೇಳುವ ಧೈರ್ಯ ಇಂದಿಗೂ ನನಗಿಲ್ಲ.

ಮರುದಿನ ಬೆಳಗ್ಗೆ ನನ್ನನ್ನು ಊರಿಗೆ ಬಿಟ್ಟು ಬರಲು ಅಪ್ಪ ಗಾಡಿ ಹೂಡಿದ. ಕಾರ್ತಿಕದ ಗಾಳಿ ಮೈ ಕೊರೆಯುತ್ತಿತ್ತು. ಕಲಬುರಗಿ ದಾಟಿದ ಮೇಲೆ ಎತ್ತುಗಳನ್ನು ನೋಡುತ್ತಲೇ, "ಕತ್ತರಿ ಹಾಕಾಕ ಕೈ ಬರಲಿಲ್ಲವ್ವ," ಅಂದ. "ನಿನಗ ಕೌದಿ ಇಲ್ಲದಂಗ ಮಾಡಿದೆ."

ನಾನು ಗಾಡಿಯ ಹುಲ್ಲಿನಲ್ಲಿ ಕಾಲು ಹುದುಗಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಅವನು ಹಿಂದೆ ತಿರುಗಿ, "ಥಂಡಿ ಹತ್ತಾಕತ್ತದೇನು?" ಎಂದು ಕೇಳಿದ.

"ಇಲ್ಲಪ್ಪ," ಅಂದೆ. ಹಲ್ಲು ಕಟಕಟ ಅನ್ನುವುದು ಅವನಿಗೆ ಕೇಳಬಾರದೆಂದು ಬಾಯಿಗೆ ಕೈ ಒತ್ತಿಕೊಂಡಿದ್ದೆ.